ಯಾರೂ ನೀರ ಹಾಕದ ಜೀಪು

ನನ್ನ ಜೀಪಿನಾಗ ಏನರೆ ಒಂದು ಆಗದ ವಾರ ಇಲ್ಲ ನೋಡ್ರಿ. ವಿಜಯಪುರ, ತಿಕೋಟಾ, ಬಬಲೇಶ್ವರ ಅಂತ ಮಂದಿ ಹೇರಕೊಂಡು ತಿರಗೂ ಹಳೇ ಗಾಡಿ, ಅಪ್ಪ ಬಿಟ್ಟು ಹೋದದ್ದು. ರೇಡಿಯೇಟರ್ ಸೋರತದ, ದಿನಾ ನೀರ ಹಾಕಬೇಕು. ಆದರ ಈ ಸಲ ಆದದ್ದು ನೆನಸಿದ್ರ ಈಗೂ ಮೈ ಜುಂ ಅಂತದ.

೧. ಹಾಲಿನಂಥ ನೀರು

ಇಂಜಿನಿಯರಿಂಗ್ ಕಾಲೇಜಿನ ಸರ್ ಒಬ್ಬರು ಪ್ರಯೋಗಕ್ಕಂತ ಒಂದು ಕ್ಯಾನ್ ತಂದು ನನ್ನ ರೇಡಿಯೇಟರಿಗೆ ಸುರದ್ರು. "ಇದು ನ್ಯಾನೋ ನೀರು. ಕಣ್ಣಿಗೆ ಕಾಣದಷ್ಟು ಸಣ್ಣ ಅಲ್ಯುಮಿನಿಯಂ ಭಸ್ಮ ಬೆರಸೇನಿ, ಇಂಜಿನ್ ತಂಪಿಡತದ. ತಿಂಗಳತನಕ ಬ್ಯಾರೆ ನೀರು ಒಂದ ಹನಿ ಹಾಕಬ್ಯಾಡ್ರಿ."

ಪುಕ್ಕಟೆ ಸಿಕ್ಕದ್ದು; ಗಾಡಿ ಸೋರತದ ಅಂದ್ರ ಸರ್ ಬ್ಯಾಡ ಅಂತಾರಂತ ನಾನೂ ಬಾಯಿ ಬಿಡಲಿಲ್ಲ.

ಮರದಿನ ತಿಕೋಟಾದಾಗ ನಿಂತ್ರ, ಕೆಳಗ ಟಪ್ ಟಪ್ ಬೆಳ್ಳನ ಹನಿ. ಆಯಿ ಒಬ್ಬಾಕಿ ಇಳದು ಬಾನೆಟ್ಟಿಗೆ ಭಂಡಾರದ ಅರಿಷಿಣ ಹಚ್ಚಿ ಕೈ ಮುಗದು, "ಹಾಲ ಕೊಡೂ ಗಾಡಿಗೆ ಬಾಡಗಿ ಹ್ಯಾಂಗ ಕೊಡ್ಲೋ ತಮ್ಮಾ?" ಅಂದು ನಡದ ಬಿಟ್ಳು.

೨. ನಿಡೋಣಿ ದಾರ್ಯಾಗ

ಎರಡು ವಾರಾತು. ಸೋರೂದು ನಿಂತಿಲ್ಲ, ನಾ ಹನಿ ಹಾಕಿಲ್ಲ. ಆದರೂ ದಿನಾ ಮುಂಜಾನೆ ಮುಚ್ಚಳ ತಗದ್ರ ಕುತ್ತಿಗಿತನಕ ತುಂಬಿರತದ! ಅದೂ ಬೆಳ್ಳಗಲ್ಲ, ತಿಳಿ ನೀರು.

ಉರಿಬಿಸಲಾಗ ನಿಡೋಣಿ ಕಡೆ ಹೊಂಟಾಗ ತಡಿಲಾರದ ಗಾಡ್ಯಾಗಿನ ಮಂದಿಗೆ ಇದನ್ನ ಹೇಳಿಬಿಟ್ಟೆ.

"ಯಾರ ತುಂಬತಾರ ಮತ್ತ?"

"ಗೊತ್ತಿಲ್ಲಪಾ."

ಹಿಂದಿನಿಂದ ಒಬ್ಬ ಮೆಲ್ಲಕ, "ನಿಮ್ಮಪ್ಪ ತೀರಕೊಂಡು ಎಷ್ಟ ವರ್ಷಾತು?" ಅಂದ. ಊರು ಇನ್ನೂ ದೂರ ಇತ್ತು. ಹನ್ನೊಂದೂ ಮಂದಿ ಅಲ್ಲೇ ಇಳದು ನಡಕೋತ ಹೋದ್ರು.

೩. ನಸುಕಿನ ಕಾವಲು

ಅವತ್ತಿಂದ ನನ್ನ ಗಾಡಿ ಯಾರೂ ಹತ್ತವಲ್ಲರು. ಅಪ್ಪನ ಜೀಪ ಮಾರೂದೊಂದ ಉಳೀತು. ಅಳು ಬಂತ್ರಿ ನನಗ.

ಸೋರೂದು, ತಿಳಿ ನೀರು ಎರಡೂ ಮುಚ್ಚಿಟ್ಟು, ಗಾಡಿಗೆ ದೆವ್ವ ಬರತದಂತ ಮಂದಿ ಅಂಜ್ಯಾರ ಅಂತಷ್ಟ ಸರ್‌ಗೆ ಹೇಳಿದೆ. "ದೆವ್ವ ಗಿವ್ವ ಇಲ್ರೀ" ಅಂತ ನಕ್ಕು, ನಸುಕಿನ್ಯಾಗ ಬಂದು, ಬೈಕ್ ಬಾಗಲಾಗ ನಿಲ್ಲಿಸಿ, ನನ್ನ ಜೋಡಿ ಜೀಪಿನ ಹಿಂದಿನ ಸೀಟಿನಾಗ ಬಗ್ಗಿ ಕುಂತ್ರು. ಸ್ವಲ್ಪ ಹೊತ್ತಿಗೆ ಹೆಜ್ಜಿ ಸಪ್ಪಳ. ಬಾನೆಟ್ ಕಿರ್ ಅಂತ ಎದ್ದಿತು. ಗುಳು ಗುಳು ನೀರು. ಸರ್ ನನ್ನ ಕೈ ಹಿಚಕಿ ಹನುಮಪ್ಪನ ಹೆಸರ ಹೇಳಾಕತ್ರು.

ಧೈರ್ಯ ಮಾಡಿ ಇಳದ್ರ, ನಮ್ಮವ್ವ! ಕೈಯಾಗ ತಂಬಗಿ.

"ಏನ್ ಮಾಡಾಕತ್ತಿ ಬೇ?"

"ತುಳಸಿಗೆ ಹಾಕಿ ಉಳದ ನೀರು. ನೀ ಅಂತೂ ಹಾಕೂದ ಬಿಟ್ಟಿ. ದುಡಿಯೂ ಜೀವ ನೀರಡಸಿ ಹೊರಗ ಹೋಗಬಾರದು ತಮ್ಮಾ."

ಜೀಪ ಉಳೀತಂತ ನಾ ಅವ್ವನ್ನ ತಬ್ಬಕೊಂಡೆ. ಸರ್ ಹಣಿ ಬಡಕೊಂಡ್ರು, "ಯವ್ವಾ, ನನ್ನ ಪ್ರಯೋಗೆಲ್ಲಾ ತೊಳದ ಹೋತಲ್ಲ!"

"ಸಿಟ್ಟಾಗಬ್ಯಾಡೋ ಯಪ್ಪಾ," ಅಂದ್ಳು ಅವ್ವ. "ನಿನ್ನ ಬೈಕಿಗೂ ಹಾಕೇನಿ. ಕೀಲಿ ಅದಕ್ಕ ಇತ್ತು, ಟಾಕಿ ಮುಚ್ಚಳ ತಗದು ಎರಡ ತಂಬಗಿ ಕುಡಿಸಿದೆ. ಭಾಳ ನೀರಡಿಸಿತ್ತು ಪಾಪ."