ಕೂಗಣ್ಣನ ಕಂಪ್ಯೂಟರ್ ಬಾಯಿಬಿಟ್ಟಿದ್ದು

ಬಸ್ ಸ್ಟ್ಯಾಂಡಿನ ಮ್ಯಾನೇಜರ್ ಸಾಹೇಬರು ಅನೌನ್ಸ್‌ಮೆಂಟ್ ಕೋಣೆಗೆ ಹೊಸ ಕಂಪ್ಯೂಟರ್ ತರಿಸಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಅಲ್ಲಿಯವರೆಗೆ ಗುಮಾಸ್ತರು ಚೀಟಿ ನೋಡಿ ಬಸ್ಸಿನ ಹೊತ್ತು ಓದುತ್ತಿದ್ದರು, ಕೂಗಣ್ಣ ಅದನ್ನು ಮೈಕಿನಲ್ಲಿ ಕೂಗುತ್ತಿದ್ದ. ಹುಟ್ಟಿನಿಂದಲೇ ಕಣ್ಣಿಲ್ಲದ ಅವನಿಗೆ ಆ ಹೆಸರು ಬಂದದ್ದೇ ಹನ್ನೊಂದು ವರ್ಷದ ಈ ಕೂಗಿನಿಂದ. ಇನ್ನು ಮೇಲೆ ಹೊತ್ತೆಲ್ಲ ಕಂಪ್ಯೂಟರಿನಲ್ಲೇ ಬರುತ್ತದಂತೆ, ಚೀಟಿ ಇಲ್ಲವಂತೆ.

"ನಾಲ್ಕು ಗಂಟೆಯೊಳಗೆ ಅದು ನಿನ್ನ ಕಿವೀಲಿ ಓದೋ ಹಾಗೆ ಮಾಡ್ಕೊ," ಎಂದಿದ್ದರು ಸಾಹೇಬರು. "ಆಗ್ಲಿಲ್ವೋ, ವಿಚಾರಣೆ ಕಿಟಕಿಗೆ ಹೋಗಿ ಕೂತ್ಕೊ."

ವಿಚಾರಣೆ ಕಿಟಕಿ! ಒಂದೇ ಪ್ರಶ್ನೆಯನ್ನು ನೂರು ಜನ ಕಿಟಕಿಯೊಳಗೆ ತಲೆ ತೂರಿಸಿ ಮುಖದ ಮೇಲೇ ಕೇಳುವ ಜಾಗ. ಕೂಗಣ್ಣನಿಗೋ ಮೈಕು ಅಂದರೆ ಪ್ರಾಣ.

ಹಾಗಂತ ಕೆಲಸವೇನೂ ಅವನಿಗೆ ಹೊಸದಲ್ಲ. ಮನೆಯಲ್ಲೂ ಅವನದು ಇಂಥದ್ದೇ ಕಂಪ್ಯೂಟರು. ಚಿತ್ರವಿಲ್ಲ, ಮೌಸಿಲ್ಲ, ಬರೀ ಅಕ್ಷರದ ಸಾಲು, ಅದನ್ನು ಓದಿ ಹೇಳುವುದಕ್ಕೊಂದು ದನಿ. ಆ ದನಿಯ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಲು ಕೂತ.

ಪಾರ್ಸೆಲ್ ವಿಭಾಗದ ಮಾಮ ಬಾಗಿಲಲ್ಲಿ ಇಣುಕಿದ. "ಅಯ್ಯೋ, ಸ್ಕ್ರೀನೇ ಹಾಕಿಲ್ವಲ್ಲೋ! ಹೇಗೆ ಕಾಣತ್ತೆ?"

"ಹಾಕಿದ್ರೆ ಕಾಣತ್ತಾ ನಂಗೆ?"

"ಅದೂ ಸರಿ ಅನ್ನು," ಎಂದ ಮಾಮ. ಆದರೂ ಕೈ ಸುಮ್ಮನಿರಬೇಕಲ್ಲ! ಸ್ಕ್ರೀನು ಸಿಕ್ಕಿಸಲು ಹೋಗಿ ಕರೆಂಟಿನ ವೈರನ್ನೇ ಕಿತ್ತ. ಕಂಪ್ಯೂಟರ್ ಗಪ್‌ಚಿಪ್. ಎಲ್ಲ ಮೊದಲಿನಿಂದ ಶುರು.

ಮತ್ತೆ ಅದು ಏಳುವ ಹೊತ್ತಿಗೆ ಮೂರೂವರೆ. ಆ ಕಂಪ್ಯೂಟರಿನಿಂದ ಸದ್ದು ಹೊರಡಲು ಎರಡು ದಾರಿ. ಒಂದು ಕೂಗಣ್ಣನ ಹೆಡ್‌ಫೋನಿಗೆ, ಇನ್ನೊಂದು ಹೊರಗೆ ಪ್ರಯಾಣಿಕರು ಕೂರುವ ಹಾಲಿನ ಧ್ವನಿವರ್ಧಕಕ್ಕೆ. ಪ್ರೋಗ್ರಾಮು ಎರಡರಲ್ಲೂ ಸರದಿಯ ಮೇಲೆ, "ನನ್ನ ದನಿ ಕೇಳಿಸಿದರೆ ಎಂಟರ್ ಒತ್ತಿ" ಎನ್ನುತ್ತದೆ. ಯಾವುದರಲ್ಲಿ ಕೇಳಿಸಿದಾಗ ಒತ್ತುತ್ತೀರೋ ಅಲ್ಲೇ ಅದು ನೆಲೆ ನಿಲ್ಲುತ್ತದೆ. ಮೊದಲ ಸರದಿ ಬಂದದ್ದು ಹಾಲಿಗೆ. ಕೂಗಣ್ಣ ತನ್ನ ಸರದಿಗಾಗಿ ಕೈಕಟ್ಟಿ ಕಾದ.

ಅಷ್ಟರಲ್ಲಿ ಕ್ಯಾಂಟೀನ್ ಅಕ್ಕ ಓಡೋಡಿ ಬಂದಳು. "ಕೇಳಿಸ್ತು ಕಣೋ! ಹಾಲಲ್ಲೆಲ್ಲ ಖಣಖಣ ಅಂತ ಕೇಳಿಸ್ತು! ಒತ್ತು, ಒತ್ತು!"

"ಅಕ್ಕಾ, ಕೇಳಿಸ್ಬೇಕಾದ್ದು ನಂಗೆ..."

"ನಾನಿದ್ದೀನಲ್ಲ, ನೀನ್ಯಾಕೆ ತಡಕಾಡ್ತೀಯ," ಎಂದ ಮಾಮ ಅಷ್ಟು ಹೊತ್ತಿಗೆ ಒತ್ತಿಯೇ ಬಿಟ್ಟಿದ್ದ.

ಮುಗಿಯಿತು. ಕೂಗಣ್ಣ ಒತ್ತಿದ ಒಂದೊಂದು ಅಕ್ಷರವೂ ಈಗ ಹಾಲಿನಲ್ಲಿ ಮೊಳಗತೊಡಗಿತು, ಅದೂ ಅವನು ಮನೆಯಲ್ಲಿ ಇಟ್ಟುಕೊಂಡಿದ್ದ ಭರ್ರನೆಯ ವೇಗದಲ್ಲಿ. ಅವನ ಕಿವಿಗೆ ಅದು ಮಾತು, ಉಳಿದವರಿಗೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ಅವನು ಗೋಡೆಗೆ ಕಿವಿಯೊತ್ತಿ ಹಾಲಿನ ದನಿ ಕೇಳಿಸಿಕೊಳ್ಳುತ್ತ, ಒಂದು ಕೈ ಚಾಚಿ ಕೀಲಿ ಒತ್ತುತ್ತ, ಸರಿಮಾಡಲು ಹೆಣಗಿದ. ಆತುರದಲ್ಲಿ ಏನೋ ಒತ್ತಿದ್ದಕ್ಕೆ ಸಂಜೆಯ ಬಸ್ಸುಗಳ ಪಟ್ಟಿಯೇ ತೆರೆದುಕೊಂಡಿತು. ಪಟಪಟಪಟನೆ ಅಷ್ಟೂ ಬಸ್ಸುಗಳು ಹಾಲಿನ ಮೇಲೆ ಸುರಿದವು.

ಸರಿಯಾಗಿ ನಾಲ್ಕಕ್ಕೆ ಸಾಹೇಬರು ಒಳಗೆ ಬಂದರು. "ಭೇಷ್! ನೀನು ಒಂದು ಬಸ್ಸು ಕೂಗೋದ್ರೊಳಗೆ ಇದು ಹತ್ತು ಕೂಗ್ತಲ್ಲಯ್ಯ!"

"ಸಾರ್, ಅದು ನನ್ನ ಕಿವಿಗೆ ಬರ್ಬೇಕಿತ್ತು..."

"ನಿನ್ನ ಕಿವಿಗ್ಯಾಕೆ? ನೇರವಾಗಿ ಜನರ ಕಿವಿಗೇ ಹೋಗ್ತಿದೆ. ನೀನಿನ್ನು ಆರಾಮಾಗಿ ಕಿಟಕೀಲಿ ಕೂತ್ಕೊ."

ಕೂಗಣ್ಣ ಕಿಟಕಿಗೆ ಹೋಗಿ ಕೂತ. ಕೂತು ಒಂದು ನಿಮಿಷವಾಗಿಲ್ಲ, ಕಿಟಕಿಗೆ ಜನ ಮುಗಿಬಿದ್ದರು. "ಅಣ್ಣಾ, ಏನಂತು ಅದು?" "ಯಾವ ಬಸ್ಸಂತೆ?" ಸ್ಟ್ಯಾಂಡಿಗೆಲ್ಲ ಆ ಮಾತು ಅರ್ಥವಾಗುತ್ತಿದ್ದದ್ದು ಅವನೊಬ್ಬನಿಗೇ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಗಂಟಲೆತ್ತಿ ಕೂಗಿದ. ಹಾಲು ಶಾಂತವಾಯಿತು. ಅವನಿಗೂ ಹಾಯೆನಿಸಿತು.

ಆರಕ್ಕೆ ಸಾಹೇಬರೇ ಮೈಕಿನ ವೈರನ್ನು ಕಿಟಕಿಯವರೆಗೆ ಎಳೆಸಿದರು. "ಮೊದ್ಲು ಅದು ಹೇಳ್ಲಿ. ಆಮೇಲೆ ಅದೇನು ಹೇಳ್ತು ಅಂತ ನೀನು ಹೇಳು."

ಮೈಕು ಬಂತು, ತೂರುವ ತಲೆಗಳೂ ಉಳಿದವು. ಟೀ ತಂದ ಅಕ್ಕ ಮೆಲ್ಲಗೆ ಕೇಳಿದಳು, "ಅದರ ಸ್ಪೀಡು ಕಮ್ಮಿ ಮಾಡೋಕೆ ಬರಲ್ವೇನೋ?"

"ಒಂದು ಕೀ ಒತ್ತಿದ್ರೆ ಆಯ್ತು."

"ಮತ್ತೆ ಒತ್ತೋದಲ್ವಾ, ಪುಣ್ಯಾತ್ಮ!"

ಕೂಗಣ್ಣ ಅಂಗೈಯಿಂದ ಮೈಕು ಮುಚ್ಚಿದ. "ಒತ್ತಿದ್ರೆ ನಾಳೆ ಈ ಕಿಟಕೀಗೂ ನಾನು ಬೇಡವಾಗ್ತೀನಿ. ಸುಮ್ನಿರಕ್ಕಾ."