ಎರಡೂ ಬ್ರೇಕ್ ಹಿಡೀರಿ ಸ್ವಾಮಿ

ತಿಪಟೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಸೈಕಲ್ ಓಡಿಸೋದು ಎಲ್ಲರಿಗೂ ಬರುತ್ತದೆ, ನಿಲ್ಲಿಸೋದು ಯಾರಿಗೂ ಬರೋದಿಲ್ಲ. ದೇವರು ದೊಡ್ಡವನು, ಅಂಗಡಿ ನಡೆಯುತ್ತಿದೆ.

ಚಪ್ಪಲಿ

ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಬಂದು, "ಮುಂದಿನ ಬ್ರೇಕ್ ಬಿಚ್ಚಾಕ್ಬುಡು ಕಣಪ್ಪ, ಹಿಡಿದ್ರೆ ಮುಗ್ಗರಿಸ್ತೀನಿ" ಅಂದರು.

"ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡೀಬೇಕು ಯಜಮಾನ್ರೇ."

ಕೇಳಲಿಲ್ಲ. ಬಿಚ್ಚಿದೆ. ಇದ್ದೊಂದು ಹಿಂದಿನ ಬ್ರೇಕೂ ಬೇಗ ಸವೆಯಿತು. ಅವರು ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸತೊಡಗಿದರು. ಮೊನ್ನೆ ಬಂದವರೇ ಸವೆದ ಚಪ್ಪಲಿಯನ್ನು ನನ್ನ ಮುಂದಿಟ್ಟರು.

"ಇದಕ್ಕೆ ಬ್ರೇಕ್ ರಬ್ಬರ್ ಹೊಡೆದುಕೊಡು."

ಬಾಯಿಪಾಠ

ತುರುವೇಕೆರೆಯ ನಿವೃತ್ತ ಮೇಡಂ ಒಬ್ಬರು ಮಂಡಿನೋವಿಗೆ ಒಳ್ಳೆಯದೆಂದು ಸೈಕಲ್ ಕೊಂಡರು. "ಹಿಂದಿಂದು, ಜೊತೆಗೇ ಮುಂದಿಂದು, ಮೆಲ್ಲಗೆ" ಎಂದು ಹೇಳಿಕೊಟ್ಟೆ. ಬರೆದುಕೊಂಡು ಬಾಯಿಪಾಠ ಮಾಡಿದರು.

ನಮ್ಮ ಅಂಗಡಿ ಮುಂದಿನ ಇಳಿಜಾರಿನಲ್ಲಿ ಮೇಡಂ ಅದನ್ನೇ ಗಟ್ಟಿಯಾಗಿ ಹೇಳುತ್ತಾ ಬಂದರು. ಸೈಕಲ್ ನಿಲ್ಲಲಿಲ್ಲ. ಸೀದಾ ತೆಂಗಿನ ಸಿಪ್ಪೆಯ ರಾಶಿಗೆ ನುಗ್ಗಿತು. ಓಡಿಹೋಗಿ ಎಬ್ಬಿಸಿದೆ. ನಾರು ಕೊಡವಿಕೊಂಡು ಕೇಳಿದರು:

"ನಾನು ಹೇಳಿದ್ರಲ್ಲಿ ಏನಾದ್ರೂ ತಪ್ಪಿತ್ತೇನ್ರೀ?"

"ಒಂದಕ್ಷರ ತಪ್ಪಿರಲಿಲ್ಲ ಮೇಡಂ. ಕೈಯಲ್ಲಿ ಹಿಡಿಯೋದೊಂದು ಬಿಟ್ಟುಹೋಗಿತ್ತು."

ತಜ್ಞ

ಇಷ್ಟೆಲ್ಲ ಜನರಿಗೆ ಬುದ್ಧಿ ಹೇಳಿದವನಿಗೆ ಹೆಸರು ಬರದೆ ಇರುತ್ತದೆಯೇ? ಹಂದನಕೆರೆ ಕಡೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಬ್ರೇಕ್ ಹಿಡಿಯೋದು ತೋರಿಸಿ ಅಂತ ಕರೆದರು. ಹಾರ ಹಾಕಿ, "ಸೈಕಲ್ ತಜ್ಞರು" ಅಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯೊಳಗೆ ಎದೆ ಉಬ್ಬಿತು.

"ಮುಂದಿನ ಬ್ರೇಕ್ ಒಂದನ್ನೇ ಜೋರಾಗಿ ಹಿಡಿದ್ರೆ ತಲೆಕೆಳಗಾಗಿ ಬೀಳ್ತೀರಿ ಮಕ್ಕಳೇ. ಈಗ ನಾನು ಬರೀ ಹಿಂದಿಂದು ಹಿಡೀತೀನಿ, ಏನೂ ಆಗಲ್ಲ, ನೋಡಿ" ಎಂದು ಹೇಳಿ, ಜೋರಾಗಿ ತುಳಿದುಕೊಂಡು ಬಂದು ಎಡಗೈ ಬ್ರೇಕ್ ಒತ್ತಿದೆ.

ಆ ಸೈಕಲ್ಲಿನ ಬ್ರೇಕ್ ತಂತಿಗಳನ್ನು ಯಾರೋ ಅದಲುಬದಲು ಕಟ್ಟಿದ್ದರು. ಯಾರೋ ಏನು, ನಾನೇ, ಹಿಂದಿನ ದಿನ.

ಹ್ಯಾಂಡಲ್ ಮೇಲಿಂದ ಹಾರಿ, ಕೊರಳಿನ ಹಾರದ ಸಮೇತ ಮಣ್ಣಿಗೆ ಬಿದ್ದೆ. ಮೊಣಕೈ ತರಚಿತು, ಅಂಗಿ ಹರಿಯಿತು, ಮಾನ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಓಡಿಬಂದು ಕೈಕುಲುಕಿದರು.

"ಮುಂದಿನ ಬ್ರೇಕ್ ಹಿಡಿದ್ರೆ ಏನಾಗುತ್ತೆ ಅಂತ ಎಷ್ಟು ಚೆನ್ನಾಗಿ ತೋರಿಸಿದ್ರಿ ಸಾರ್! ಹಿಂದಿನ ಸಾಲಿನ ಮಕ್ಕಳಿಗೆ ಕಾಣಿಸಲಿಲ್ವಂತೆ. ಇನ್ನೊಂದ್ಸಲ ಬೀಳ್ತೀರಾ?"