ನಗುತ್ತಾ ಮಿಷನ್ ಮಾರಿದ್ದು

ಬಾಳ್ಳುಪೇಟೆಯಲ್ಲಿ ಕಾಫಿ ತೋಟದ ಕಳೆ ಹೊಡೆಯುವ ಮಿಷನ್ ಮಾರುವುದು ನಮ್ಮ ಕೆಲಸ. ಮಾರುವವರನ್ನು ನಂಬುವ ಮನುಷ್ಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ, ಹಾಗಾಗಿ ಈ ಕೆಳಗಿನಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ತೋಟದ ಗೇಟಿಗೆ ಹೋದರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಯಜಮಾನರು. ನಾಯಿಯಾದರೂ ಬಿಸ್ಕತ್ತು ಹಾಕಿದರೆ ಸುಮ್ಮನಾಗುತ್ತದೆ.

ಶಾಖೆಯ ಮುಖ್ಯಸ್ಥೆ ನಾನು. ನನ್ನ ಜೊತೆಗೆ ಇಬ್ಬರು. ಒಬ್ಬರು ಆಲೂರಿನವರು, ಐವತ್ತು ದಾಟಿದವರು, ತಮ್ಮ ನೆರಳನ್ನೂ ತಿರುಗಿ ತಿರುಗಿ ನೋಡುವವರು. ಇನ್ನೊಬ್ಬಳು ಸಕಲೇಶಪುರದವಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ವ್ಯಾಪಾರ ಕುಸಿದಾಗ ಹೆಡ್ ಆಫೀಸಿನವರು ಫೋನ್ ಮಾಡಿ, "ನಿಮ್ಮ ಟೀಮಿಗೆ ಟ್ರೈನಿಂಗ್ ಕೊಡ್ತೀವಿ. ಸುಧಾರಿಸಿದ್ರೆ ಸರಿ, ಇಲ್ಲದಿದ್ರೆ ಶಾಖೆ ಮುಚ್ಚೋಣ" ಎಂದರು. ಆ ದಿನ ನನಗೆ ಊಟ ಸೇರಲಿಲ್ಲ. ನಾನು ಹೇಗೋ ಬದುಕಿಕೊಂಡೇನು, ಆಲೂರಿನವರಿಗೆ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಕೊಡುವವರು ಯಾರು?

೧. ಮನಸ್ಸು ಬಿಚ್ಚಿ ಹೇಳಿ

ಬೆಂಗಳೂರಿನಿಂದ ತರಬೇತುದಾರರು ಬಂದರು. ಅವರು ಬೋರ್ಡು ಒರೆಸುವಷ್ಟರಲ್ಲಿ ಆಲೂರಿನವರು ನನ್ನ ಕಿವಿಗೆ ಬಾಯಿಟ್ಟು, "ಮೇಡಂ, ಇವ್ರು ಕಲಿಸೋಕ್ ಬಂದಿರೋರಲ್ಲ. ಯಾರನ್ನ ತೆಗೀಬೇಕು ಅಂತ ನೋಡ್ಕಂಡ್ ಹೋಗೋಕ್ ಬಂದಿರೋರು" ಎಂದರು. ನಾನು ಗದರಿ ಸುಮ್ಮನಿರಿಸಿದೆ. ಅನುಮಾನ ನನಗೂ ಅದೇ ಇತ್ತು.

ತರಬೇತುದಾರರು ನಮ್ಮನ್ನು ವೃತ್ತವಾಗಿ ಕೂರಿಸಿದರು. ಇದ್ದವರು ಮೂರೇ ಜನ, ಅದು ತ್ರಿಕೋನವಾಯಿತು. "ಸೇಲ್ಸ್ ಮಾಡೋವಾಗ ನಿಮ್ಮ ದೌರ್ಬಲ್ಯ ಏನು? ಮನಸ್ಸು ಬಿಚ್ಚಿ ಹೇಳಿ" ಎಂದು ಆಲೂರಿನವರ ಕಡೆ ತಿರುಗಿದರು.

"ಹೇಳಿದ್ರೆ ಅದು ಎಲ್ಲಿಗ್ ಹೋಯ್ತದೆ ಸಾರ್?"

"ಎಲ್ಲಿಗೂ ಹೋಗಲ್ಲ. ನಮ್ಮ ನಮ್ಮಲ್ಲೇ ಇರುತ್ತೆ."

"ನಮ್ಮಲ್ಲೇ ಇರೋದಾದ್ರೆ ಹೇಳೋದ್ ಯಾಕೆ ಸಾರ್? ಈಗ್ಲೂ ನನ್ನಲ್ಲೇ ಐತಲ್ಲ."

೨. ಗೇಟಿನಿಂದಲೇ ನಗು

ಎರಡನೆಯ ಪಾಠ, ನಗು. ಗೇಟು ದಾಟುವಾಗಲೇ ನಗಬೇಕು, ಗಿರಾಕಿಯನ್ನು ಹೆಸರು ಹಿಡಿದು ಮಾತಾಡಿಸಬೇಕು. ಸಕಲೇಶಪುರದವಳು ಮಾರನೇ ದಿನವೇ ಯಸಳೂರಿನ ಹತ್ತಿರದ ಒಂದು ತೋಟಕ್ಕೆ ಹೋಗಿ, ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕು, ಯಜಮಾನರ ಹೆಸರು ಹೇಳಿ ನಮಸ್ಕಾರ ಮಾಡಿದಳು.

ಯಜಮಾನರ ಮುಖ ಗಂಟಾಯಿತು. "ನೀನ್ಯಾರೋ ನಂಗೊತ್ತಿಲ್ಲ. ನನ್ ಹೆಸ್ರು ನಿಂಗೆಂಗ್ ಗೊತ್ತಾಯ್ತು? ಬ್ಯಾಂಕಿನೋಳಾ?"

"ಅಲ್ಲ ಸಾರ್, ಕಳೆ ಮಿಷನ್ ಕಂಪನಿ" ಎಂದು ಇವಳು ಇನ್ನೂ ಅಗಲವಾಗಿ ನಕ್ಕಳು.

"ಮಿಷನ್ ಮಾರೋಕೆ ಇಷ್ಟೊಂದ್ ನಗು ಯಾಕವ್ವ? ಮಿಷನ್ನಲ್ಲೇ ಏನೋ ಐಬು ಐತೆ" ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇವಳಿಗೆ ಅಳುವೇ ಬಂತಂತೆ. ಪಕ್ಕದ ತೋಟಕ್ಕೆ ಹೋಗುವಾಗ ತುಟಿ ಬಿಗಿದುಕೊಂಡು, ತಲೆ ತಗ್ಗಿಸಿ ಹೋಗಿದ್ದಾಳೆ. ಕಣದಲ್ಲಿ ಕಾಫಿ ಹರವುತ್ತಿದ್ದ ಅಜ್ಜಿ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಎದ್ದು ಬಂದು ಕೇಳಿದರಂತೆ: "ಯಾರ್ ತೀರ್ಕಂಡ್ರು ಮಗ?"

೩. ತೋರಿಸೋದು ಬೇರೆ, ಮಾರೋದು ಬೇರೆ

ಮಿಷನ್ನನ್ನು ತೋಟದಲ್ಲೇ ಓಡಿಸಿ ತೋರಿಸಿ ಎಂದಿದ್ದರು ತರಬೇತುದಾರರು. ಅದನ್ನೂ ಮಾಡಿದೆವು. ಆಲೂರು ಕಡೆಯ ಬೆಳೆಗಾರರೊಬ್ಬರು ಒಂದು ಪಟ್ಟೆ ಕಳೆ ಪೂರ್ತಿ ಹೊಡೆಸಿ, "ಮಿಷನ್ ಚೆನ್ನಾಗೈತೆ. ಇದನ್ನೇ ಕೊಡಿ" ಎಂದರು.

"ಇದು ಡೆಮೊ ತೋರಿಸೋ ಮಿಷನ್ ಸಾರ್, ಹಳೇದು. ನಿಮಗೆ ಹೊಸದು ಕೊಡ್ತೀವಿ, ಡಬ್ಬ ಕೂಡ ಒಡೆದಿಲ್ಲ" ಎಂದೆ.

"ಅದೇ ಬ್ಯಾಡ ಅನ್ನೋದು. ಡಬ್ಬದೊಳಗೆ ಏನೈತೆ ಅಂತ ಯಾರ್ ನೋಡವ್ರೆ? ಇದು ಕಣ್ಮುಂದೆ ಓಡೈತೆ."

ಎಷ್ಟು ಹೇಳಿದರೂ ಜಗ್ಗಲಿಲ್ಲ, ಹಳೆಯದನ್ನೇ ಕೊಂಡರು. ಹೊಸದನ್ನು ಡೆಮೊಗೆ ಇಳಿಸಿದೆವು. ಮುಂದಿನ ತೋಟದವರೂ ಡೆಮೊ ಮಿಷನ್ನೇ ಬೇಕೆಂದರು. ಅದರ ಮುಂದಿನವರೂ ಅಷ್ಟೆ. ಬಾಳ್ಳುಪೇಟೆಯವರು ಬರೀ ಡೆಮೊ ಮಿಷನ್ ಮಾರುತ್ತಾರೆ, ಹೊಸವು ಎಲ್ಲಿ ಹೋಗುತ್ತಿವೆ ಎಂದು ಹೆಡ್ ಆಫೀಸಿಗೆ ನಮ್ಮ ಮೇಲೆ ಅನುಮಾನ ಶುರುವಾಯಿತು.

ಆಲೂರಿನವರೇ ಉಪಾಯ ಹೇಳಿದರು. ಅಂಗಡಿಯಲ್ಲಿ ಒಂದು ಹೊಸ ಮಿಷನ್ನನ್ನು ಡಬ್ಬದಿಂದ ತೆಗೆದು, ಹಿತ್ತಲಲ್ಲಿ ಓಡಿಸಿ, ಅಂಟಿದ ಮಣ್ಣನ್ನು ಒರೆಸದೆ ಹಾಗೇ ಇಟ್ಟೆವು. ಬಂದ ಮೊದಲ ಗಿರಾಕಿ ಅದರ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ಮಣ್ಣು ಕೆರೆದು ಹೇಳಿದರು: "ಹಳೇ ಮಾಲು. ಯಾರೋ ವಾಪಸ್ ಕೊಟ್ಟವ್ರೆ."

೪. ವೇಷದವರು

ಹೆಡ್ ಆಫೀಸಿನಿಂದ ಮತ್ತೆ ಫೋನ್. "ಟ್ರೈನಿಂಗ್ ಎಷ್ಟು ತಲೆಗೆ ಹತ್ತಿದೆ ನೋಡೋಕೆ ಒಬ್ಬರನ್ನ ಗಿರಾಕಿ ವೇಷದಲ್ಲಿ ಕಳಿಸ್ತೀವಿ. ಯಾರು, ಯಾವತ್ತು ಅಂತ ಹೇಳಲ್ಲ. ಶಾಖೆ ಇರೋದು ಹೋಗೋದು ಅವರ ರಿಪೋರ್ಟ್ ಮೇಲೆ."

ಎರಡು ದಿನದಲ್ಲಿ ಇಸ್ತ್ರಿ ಶರ್ಟಿನ ಒಬ್ಬರು ಕಾರಿನಿಂದಿಳಿದರು. ಇವರೇ ಎಂದು ಮೂವರಿಗೂ ಖಾತ್ರಿಯಾಯಿತು. ಒಬ್ಬರು ಕುರ್ಚಿ ಎಳೆದರು, ಒಬ್ಬರು ಫ್ಯಾನ್ ತಿರುಗಿಸಿದರು, ಮೂವರೂ ನಕ್ಕೆವು. ಅವರು ಬ್ಯಾಗನ್ನು ಎದೆಗವಚಿಕೊಂಡು ಎದ್ದು ಹೋದರು. ಅವರು ನಿಜವಾದ ಗಿರಾಕಿಯೇ ಆಗಿದ್ದರು, ಎದುರಿನ ಅಂಗಡಿಯಲ್ಲಿ ಮಿಷನ್ ಕೊಂಡರು ಎಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅವತ್ತು ಮಾತ್ರ ಪರೀಕ್ಷೆ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟೆವು.

ಅದೇ ವಾರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಇನ್ನೊಬ್ಬರು ಬಂದರು. ಬಂದವರೇ, "ಮಿಷನ್ ರೇಟೆಷ್ಟು?" ಎಂದರು.

ನಮ್ಮ ಕಡೆ ಮೊದಲ ಮಾತಿಗೇ ರೇಟು ಯಾರೂ ಕೇಳುವುದಿಲ್ಲ. ಮಿಷನ್ ಎತ್ತಿ ನೋಡಿ, ಒಂದಿಷ್ಟು ಹಳಿದು, ನೀವು ಯಾವ ಊರಿನವರು, ಯಾರ ಮನೆಯವರು ಎಂದೆಲ್ಲ ವಿಚಾರಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಇವರನ್ನು ಎದುರಿನ ಅಂಗಡಿಯವರೇ ರೇಟು ತಿಳಿಯಲು ಕಳಿಸಿದ್ದಾರೆ ಎಂದುಕೊಂಡ ಆಲೂರಿನವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ತೋಟ ಎಲ್ಲೈತೆ?"

"ಯಸಳೂರು ಕಡೆ."

"ಕಡೆ ಅಂದ್ರೆ? ಯಾರ್ ಮನೆ?"

"ಹೊಸದಾಗಿ ತಗೊಂಡಿದ್ದು."

"ಯಾರ್ ಕೈಯಿಂದ?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಹೋಗ್ಲಿ, ಹೆಂಡ್ತಿ ಕಡೆ ಯಾವೂರು?"

ಇಷ್ಟು ದೂರದ ಸುಳ್ಳನ್ನು ಅವರು ಮೊದಲೇ ಹೊಂದಿಸಿಕೊಂಡಿರಲಿಲ್ಲ. ನಿಜ ಹೇಳಿಬಿಟ್ಟರು. ಆಲೂರಿನ ಪಕ್ಕದ ಊರು, ಇಂಥವರ ಮನೆ. ಆ ಮನೆ ನಮ್ಮ ಆಲೂರಿನವರ ದೊಡ್ಡಪ್ಪನ ಮಗನದು.

"ಅಯ್ಯೋ ಮಾರಾಯ್ರೆ, ನಿಮ್ ಮದ್ವೇಲಿ ಪಾಯಸ ಬಡಿಸಿದ್ದೇ ನಾನು. ಬಾಸಿಂಗದಲ್ಲಿ ಮುಖ ಸರಿಯಾಗಿ ಕಂಡಿರ್ಲಿಲ್ಲ" ಎಂದ ಆಲೂರಿನವರು, ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಅತ್ತಿಗೆ, ನಿಮ್ ಅಳಿಯಂದ್ರು ಇಲ್ಲೇ ಅವ್ರೆ. ಯಸಳೂರಲ್ಲಿ ತೋಟ ತಗಂಡವ್ರಂತೆ, ನಮಗೊಂದ್ ಮಾತೂ ಹೇಳ್ಲಿಲ್ವಲ್ಲ."

ಆ ಕಡೆಯಿಂದ ಅತ್ತಿಗೆಯ ದನಿ ಬಂತು: "ತೋಟಾನಾ? ನಮ್ ಮಗಳಿಗೂ ಹೇಳಿಲ್ವಲ್ಲ. ಕೊಡಿ ಅವ್ರಿಗೆ."

"ಇಲ್ಲ ಅತ್ತೆ, ತೋಟ ಗೀಟ ಏನೂ ಇಲ್ಲ. ನಾನು ಸುಳ್ಳು ಗಿರಾಕಿ. ಕಂಪನಿಯವರು ಕಳಿಸಿದ್ದು."

"ತೋಟ ಇಲ್ದೋರು ಕಳೆ ಮಿಷನ್ ಯಾಕ್ ಕೇಳ್ತಾರೆ ಅಳಿಯಂದ್ರೆ?"

ಅಲ್ಲಿಗೆ ನಮಗೆ ಅವರು ಯಾರೆಂದು ತಿಳಿಯಿತು: ಹೆಡ್ ಆಫೀಸಿನ ವೇಷದವರು ಇವರೇ. ಆದರೆ ನಮ್ಮ ಹಣೆಬರಹ ಬರೆಯಬೇಕಾದ ಮನುಷ್ಯ ನನ್ನ ಮುಂದೆ ಕೈ ಮುಗಿದು, "ನಾನು ಸುಳ್ಳು ಅಂತ ನೀವೊಂದು ಮಾತು ಹೇಳಿ ಮೇಡಂ" ಎನ್ನುತ್ತಿದ್ದರು. ಹೇಳಿದೆ. "ನೀನ್ಯಾರವ್ವ?" ಎಂದರು ಆಕೆ. ಮಿಷನ್ ಮಾರುವವಳು ಎಂದೆ. ಫೋನ್ ಕಟ್ಟಾಯಿತು.

ಇನ್ನು ಶಾಖೆಗೆ ಬೀಗವೇ ಎಂದುಕೊಂಡಿದ್ದೆ. ಹೆಡ್ ಆಫೀಸಿನಿಂದ ಬಂದದ್ದು ಶಹಬ್ಬಾಸ್. ಗಿರಾಕಿಯ ಹಿನ್ನೆಲೆಯನ್ನು ಇಷ್ಟು ಆಳವಾಗಿ ತಿಳಿದುಕೊಳ್ಳುವ ಟೀಮು ಬೇರೆಲ್ಲೂ ಇಲ್ಲ, ಈ ಶಾಖೆಯನ್ನು ಮುಚ್ಚಬೇಡಿ ಎಂದು ಆ ಪುಣ್ಯಾತ್ಮ ರಿಪೋರ್ಟ್ ಕೊಟ್ಟಿದ್ದರು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಮುಂದಿನ ಸೋಮವಾರ ಆಲೂರು ಬಸ್ಸಿನಿಂದ ಹಿರಿಯ ಹೆಂಗಸೊಬ್ಬರು ಇಳಿದು ನೇರ ಅಂಗಡಿಗೆ ಬಂದರು. ಫೋನಿನಲ್ಲಿ ಕೇಳಿದ ದನಿಯೇ. ಅವರ ಅಳಿಯನಿಂದ ನಮ್ಮ ಕೆಲಸ ಉಳಿಯಿತೆಂದು ಹೇಳಿ ನಾನು ಕೈ ಹಿಡಿದುಕೊಂಡು ಉಪಚಾರ ಮಾಡಿದೆ. ಅವರು ಕಾಫಿ ಕುಡಿದರು, ಆಲೂರಿನವರು ಹೊರಗೆ ಹೋಗುವವರೆಗೆ ಕಾದರು, ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಸರಿಸಿಕೊಂಡು ಮೆಲ್ಲಗೆ ಕೇಳಿದರು:

"ಅಳಿಯಂದ್ರು ನಿಂಗೆ ಕೆಲಸ ಉಳಿಸಿಕೊಟ್ಟವ್ರೆ, ಬಾಯಿ ಮುಚ್ಚಿಸವ್ರೆ, ಅದೆಲ್ಲ ನಂಗರ್ಥ ಆಯ್ತದೆ. ನನ್ ಮಗಳ ಮುಖ ನೋಡಿ ನಿಜ ಹೇಳ್ಬುಡವ್ವ. ಆ ತೋಟ ಯಾರ್ ಹೆಸ್ರಲ್ಲೈತೆ?"